ರೋಗದ ಖಾತೆಗೆ ಬರೆದ ಸಾವುಗಳು

ಸಮುದ್ರದ ಮೀನು ಸಾಕುವವರ ನಡುವೆ ಒಂದು ಉಪದೇಶ ಬಾಯಿಂದ ಬಾಯಿಗೆ ದಾಟಿ ಶಾಸ್ತ್ರವೇ ಆಗಿಬಿಟ್ಟಿದೆ. ಮೀನಿಗೆ ಕಾಯಿಲೆ ಬಂದರೆ ಕ್ವಾರಂಟೈನ್ ಟ್ಯಾಂಕಿಗೆ ಹಾಕಿ, ಔಷಧಿ ಬಿಡಿ, ಕೋರ್ಸ್ ಮುಗಿಯುವ ತನಕ ನೀರು ಮುಟ್ಟಬೇಡಿ. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ತಾಮ್ರದ ಔಷಧಿ ಕೊಳ್ಳುವವರಿಗೆ ಬಾಟಲಿಯ ಜೊತೆ ಈ ಮಾತೂ ಸಿಗುತ್ತದೆ: "ನೀರು ಬದಲಾಯಿಸಿದ್ರೆ ಔಷಧಿ ಹೋಗಿಬಿಡುತ್ತೆ ಸಾರ್." ಇದಕ್ಕೆ ಜೋಡಿಯಾಗಿ ಇನ್ನೊಂದು ಮಾತಿದೆ. ಕ್ವಾರಂಟೈನ್ ಟ್ಯಾಂಕಿಗೆ ಹೋದ ಮೀನು ತಿರುಗಿ ಬರುವುದಿಲ್ಲ, ಆದ್ದರಿಂದ ಆ ಗೋಜೇ ಬೇಡ, ನೇರವಾಗಿ ದೊಡ್ಡ ತೊಟ್ಟಿಗೇ ಬಿಡಿ ಎಂಬುದು ಅದು. ಎರಡನ್ನೂ ಒಬ್ಬರೇ ಹೇಳುವುದುಂಟು.

ಮೊದಲನೆಯ ಮಾತೇ ಎರಡನೆಯದನ್ನು ನಿಜ ಮಾಡುತ್ತಿದೆ ಎಂಬುದು ನನ್ನ ವಾದ. ಆ ಪುಟ್ಟ ತೊಟ್ಟಿಯಲ್ಲಿ ಸಾಯುವ ಎಷ್ಟೋ ಮೀನುಗಳನ್ನು ಕೊಲ್ಲುವುದು ಅವೇ ವಿಸರ್ಜಿಸಿದ ಅಮೋನಿಯಾ. ಸಾವನ್ನು ಮಾತ್ರ ನಾವು ರೋಗದ ಖಾತೆಗೆ ಬರೆಯುತ್ತೇವೆ, ಅಥವಾ ಕ್ವಾರಂಟೈನ್ ಎಂಬ ಪದ್ಧತಿಯ ಖಾತೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ದೊಡ್ಡ ತೊಟ್ಟಿಯಲ್ಲಿ ಅಮೋನಿಯಾ ಏಕೆ ಏರುವುದಿಲ್ಲ ಎಂಬುದನ್ನು ಮೊದಲು ನೋಡೋಣ. ಅಲ್ಲಿನ ಕಲ್ಲು, ಮರಳು, ಫಿಲ್ಟರಿನ ಸ್ಪಂಜುಗಳ ಮೇಲೆಲ್ಲ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ನೆಲೆಸಿವೆ. ಮೀನಿನ ಕಿವಿರಿನಿಂದ ಹೊರಬಿದ್ದ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವ ಜಾತಿಯವು. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ಮೂರರಿಂದ ಆರು ವಾರ ಬೇಕು. ಇನ್ನು ಕ್ವಾರಂಟೈನ್ ಟ್ಯಾಂಕ್. ತಾಮ್ರ ಬಳಸುವಾಗ ಅಲ್ಲಿ ಹವಳದ ಕಲ್ಲಾಗಲಿ ಮರಳಾಗಲಿ ಇಡುವಂತಿಲ್ಲ, ಏಕೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ತಾಮ್ರವನ್ನು ಹೀರಿಕೊಂಡು ನೀರಿನಲ್ಲಿರುವ ಪ್ರಮಾಣವನ್ನು ಕೆಡಿಸುತ್ತದೆ. ಹಾಗಾಗಿ ಬರಿಗಾಜಿನ ತೊಟ್ಟಿ, ಒಂದೆರಡು ಪಿವಿಸಿ ಪೈಪಿನ ತುಂಡು, ಒಂದು ಹೀಟರ್, ಒಂದು ಏರ್ ಸ್ಟೋನ್. ಔಷಧಿಯ ಅಗತ್ಯಕ್ಕಾಗಿ ತೊಟ್ಟಿಯನ್ನು ಬರಿದು ಮಾಡಿದೆವು. ಹಾಗೆ ಮಾಡುವಾಗ ಬ್ಯಾಕ್ಟೀರಿಯಾಗಳ ಮನೆಯನ್ನೂ ಕಿತ್ತುಹಾಕಿದೆವು. ಮೀನು ಮಾತ್ರ ಮೊದಲಿನಂತೆಯೇ ಉಸಿರಾಡುತ್ತದೆ, ತಿನ್ನುತ್ತದೆ, ವಿಸರ್ಜಿಸುತ್ತದೆ.

"ನಾಲ್ಕು ದಿನದ ಮಾತು ತಾನೆ" ಎನ್ನುವವರಿಗೆ ರೋಗದ ಸ್ವಭಾವ ಗೊತ್ತಿಲ್ಲ. ಉಪ್ಪುನೀರಿನ ಬಿಳಿ ಚುಕ್ಕೆ ರೋಗವನ್ನು ತರುವ ಕ್ರಿಪ್ಟೊಕ್ಯಾರಿಯಾನ್ ಇರಿಟನ್ಸ್ ಎಂಬ ಪರಾವಲಂಬಿ ಮೀನಿನ ಚರ್ಮದೊಳಗೆ ಕೆಲವು ದಿನ ಇರುತ್ತದೆ, ಆಮೇಲೆ ಉದುರಿ ತಳದಲ್ಲಿ ಕೋಶ ಕಟ್ಟಿಕೊಳ್ಳುತ್ತದೆ, ಕೋಶ ಒಡೆದಾಗ ನೂರಾರು ಈಜುಮರಿಗಳು ಹೊರಬಂದು ಮತ್ತೆ ಮೀನನ್ನು ಹುಡುಕುತ್ತವೆ. ತಾಮ್ರಕ್ಕೆ ಸಿಗುವುದು ಈ ಈಜುಮರಿಗಳು ಮಾತ್ರ. ಚರ್ಮದಡಿಯ ಹುಳಕ್ಕೂ ತಳದ ಕೋಶಕ್ಕೂ ಅದು ತಾಗುವುದಿಲ್ಲ. ಕೋಶಗಳು ಒಂದೇ ದಿನ ಒಡೆಯುವುದಿಲ್ಲ, ಕೆಲವು ವಾರಗಟ್ಟಲೆ ಕಾಯುತ್ತವೆ. ಅದಕ್ಕಾಗಿಯೇ ತಾಮ್ರದ ಪ್ರಮಾಣವನ್ನು ಎರಡರಿಂದ ನಾಲ್ಕು ವಾರ ಕೆಳಗಿಳಿಯದಂತೆ ಹಿಡಿದಿಡಬೇಕು. ಅಷ್ಟು ದಿನವೂ ಮೀನಿಗೆ ಆಹಾರ ಕೊಡಲೇಬೇಕು. ನಾಲ್ಕು ದಿನದ್ದೆಂದು ಕಟ್ಟಿದ ತೊಟ್ಟಿಯಲ್ಲಿ ಒಂದು ತಿಂಗಳ ಬದುಕು ನಡೆಯಬೇಕಾಗಿದೆ.

ಲೆಕ್ಕ ಹಾಕಿ ನೋಡಿ. ಮೀನಿನ ಒಣ ಆಹಾರ ಒಂದು ಕಿಲೊ ಖರ್ಚಾದರೆ ಸುಮಾರು 30 ಗ್ರಾಂ ಅಮೋನಿಯಾ ನೀರಿಗೆ ಸೇರುತ್ತದೆ ಎಂಬುದು ಮೀನು ಸಾಕಣೆಯವರು ಬಳಸುವ ಸ್ಥೂಲ ಅಂದಾಜು. ಅಂದರೆ ಒಂದು ಗ್ರಾಂ ಗುಳಿಗೆಗೆ 30 ಮಿಲಿಗ್ರಾಂ. 40 ಲೀಟರಿನ ತೊಟ್ಟಿಗೆ ದಿನಕ್ಕೆ ಒಂದು ಗ್ರಾಂ ಹಾಕಿದರೆ ಲೀಟರಿಗೆ 0.75 ಮಿಲಿಗ್ರಾಂ, ದಿನವೂ. ಫಿಲ್ಟರ್ ಇಲ್ಲದ ತೊಟ್ಟಿಯಲ್ಲಿ ದಿನಾಲೂ ಕಾಲು ಭಾಗ ನೀರು ಬದಲಾಯಿಸುವ ಜಾಗರೂಕ ಸಾಕಣೆಗಾರನನ್ನೇ ತೆಗೆದುಕೊಳ್ಳಿ. ಅವನು ಕಾಲು ಭಾಗ ಅಮೋನಿಯಾವನ್ನು ಹೊರಹಾಕುತ್ತಾನೆ, ಮುಕ್ಕಾಲು ಭಾಗ ಒಳಗೇ ಉಳಿದು ಅದರ ಮೇಲೆ ಮರುದಿನದ 0.75 ಕೂಡುತ್ತದೆ. ಏರುತ್ತ ಏರುತ್ತ ಅದು ಲೀಟರಿಗೆ 3 ಮಿಲಿಗ್ರಾಂ ಹತ್ತಿರ ಹೋಗಿ ನಿಲ್ಲುತ್ತದೆ. ದಿನಾ ಅರ್ಧ ಬದಲಾಯಿಸಿದರೂ ಒಂದೂವರೆ ಮಿಲಿಗ್ರಾಂ ತಲುಪುತ್ತದೆ. ದಿನಕ್ಕೊಮ್ಮೆ ನೀರು ಬದಲಾಯಿಸುವವನ ಗತಿಯೇ ಹೀಗಾದರೆ, ಶಾಸ್ತ್ರ ನಂಬಿ ಕೈಕಟ್ಟಿ ಕುಳಿತವನ ತೊಟ್ಟಿಯಲ್ಲಿ ಐದನೆಯ ದಿನಕ್ಕೆ ಎಷ್ಟಿರುತ್ತದೆ ಎಂಬುದನ್ನು ಯಾರು ಬೇಕಾದರೂ ಗುಣಿಸಿ ನೋಡಬಹುದು.

ಉಪ್ಪುನೀರಿನಲ್ಲಿ ಇದರ ವಿಷ ಇನ್ನೂ ಹೆಚ್ಚು. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಯಾನಾಗಿ ಇರುವುದು ಬಹುಮಟ್ಟಿಗೆ ನಿರುಪದ್ರವಿ, ಅನಿಲವಾಗಿ ಕರಗಿರುವುದೇ ಕಿವಿರನ್ನು ಸುಡುವ ಭಾಗ. ಯಾವುದು ಎಷ್ಟೆಂಬುದನ್ನು ತೀರ್ಮಾನಿಸುವುದು ಮುಖ್ಯವಾಗಿ ಪಿಎಚ್ ಮತ್ತು ಉಷ್ಣತೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ವಿಷದ ಭಾಗ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಸಮುದ್ರದ ನೀರಿನ 8.2ರಲ್ಲಿ, 25 ಡಿಗ್ರಿಯಲ್ಲಿ, ಅದು ನೂರಕ್ಕೆ ಸುಮಾರು ಏಳು. ಈ ಮುಕ್ತ ಅಮೋನಿಯಾ ಲೀಟರಿಗೆ 0.05 ಮಿಲಿಗ್ರಾಂ ದಾಟಿದರೆ ಕಿವಿರಿಗೆ ಹಾನಿ ಆಗತೊಡಗುತ್ತದೆ ಎಂಬುದು ಮೀನು ವೈದ್ಯರ ಸಾಮಾನ್ಯ ಎಚ್ಚರಿಕೆ. ನಮ್ಮ ಒಂದು ಗ್ರಾಂ ಗುಳಿಗೆಯ ಲೆಕ್ಕದಲ್ಲಿ ಮೊದಲನೆಯ ಸಂಜೆಗೇ ಆ ಗಡಿ ಮುಟ್ಟಿತು. ಗಪ್ಪಿ ಸಾಕಿ ಕಲಿತ ಸಲುಗೆಯನ್ನು ಸಮುದ್ರದ ಮೀನಿನ ಮೇಲೆ ಪ್ರಯೋಗಿಸಲಾಗದು.

ಇದೇ ಕಾರಣಕ್ಕೆ, ಚೆನ್ನೈಯಿಂದಲೋ ಕೊಚ್ಚಿಯಿಂದಲೋ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಮೀನಿನ ಕವರನ್ನು ಬಿಚ್ಚಿ, ಅದರೊಳಕ್ಕೆ ಗಂಟೆಗಟ್ಟಲೆ ತೊಟ್ಟಿಯ ನೀರು ತೊಟ್ಟಿಕ್ಕಿಸುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. ಮುಚ್ಚಿದ ಕವರಿನಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಪಿಎಚ್ ಇಳಿಸಿ ಅಮೋನಿಯಾವನ್ನು ತಕ್ಕಮಟ್ಟಿಗೆ ನಿರುಪದ್ರವಿಯಾಗಿಟ್ಟಿರುತ್ತದೆ. ಕವರು ಬಿಚ್ಚಿ ಗಾಳಿಯಾಡಿತೋ, ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಮೀನು ಬರುವ ನೀರಿನ ಲವಣಾಂಶಕ್ಕೆ ಕ್ವಾರಂಟೈನ್ ನೀರನ್ನು ಮೊದಲೇ ಹೊಂದಿಸಿಟ್ಟು, ಉಷ್ಣತೆ ಸಮವಾದ ಕೂಡಲೇ ಮೀನನ್ನು ದಾಟಿಸುವುದೇ ಸರಿ.

ಹೋದ ಬೇಸಿಗೆಯಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆ. ಅಡುಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ತೊಟ್ಟಿ. ಒಳಗೆ ಅಂಗೈಯಗಲದ ನೀಲಿ ಟ್ಯಾಂಗ್ ಮೀನು ಏರ್ ಸ್ಟೋನಿನ ಗುಳ್ಳೆಗಳಿಗೆ ಮುಖವೊಡ್ಡಿ, ಬಾಯಿ ತೆರೆದು, ಕಿವಿರಿನ ಮುಚ್ಚಳ ಪಟಪಟ ಬಡಿಯುತ್ತ ನಿಂತಿತ್ತು. ರೆಕ್ಕೆಗಳು ಮೈಗೆ ಅಂಟಿದ್ದವು. ತಾಮ್ರ ಅಳೆದಿದ್ದರು, ಸರಿಯಾಗಿಯೇ ಇತ್ತು. "ಚುಕ್ಕೆ ಹೋಗಿದೆ, ಆದ್ರೂ ಉಸಿರಾಟ ಹೀಗಿದೆ. ಡೋಸ್ ಇನ್ನೊಂಚೂರು ಏರಿಸಲಾ?" ಎಂದರು. ಅಮೋನಿಯಾ ಅಳೆದಿದ್ದೀರಾ ಎಂದು ಕೇಳಿದೆ. ಕಿಟ್ ಇತ್ತು, ದೊಡ್ಡ ತೊಟ್ಟಿಗೆಂದು ತಂದದ್ದು. ಗಾಜಿನ ನಳಿಗೆಯಲ್ಲಿ 5 ಮಿಲಿಲೀಟರ್ ನೀರು ತೆಗೆದು ಮೊದಲ ಬಾಟಲಿಯಿಂದ ಎಂಟು ಹನಿ, ಎರಡನೆಯದರಿಂದ ಎಂಟು ಹನಿ ಬಿಟ್ಟು ಕುಲುಕಿದೆವು. ಐದು ನಿಮಿಷ ಕಾಯಬೇಕು ಎಂದು ಚೀಟಿಯಲ್ಲಿದೆ. ಹಳದಿಯಾಗಿ ಉಳಿಯಬೇಕಾದ ನೀರು ಅಷ್ಟು ಹೊತ್ತೂ ಕಾಯದೆ ಹುಣಸೆ ಎಲೆಯ ಹಸಿರಿಗೆ ತಿರುಗಿತು.

ಆ ಸಂಜೆ ದೊಡ್ಡ ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತೆಗೆದು, ಅಳೆದು ತಾಮ್ರ ಬೆರೆಸಿ, ಅರ್ಧ ನೀರು ಬದಲಾಯಿಸಿದೆವು, ಮಲಗುವ ಮುಂಚೆ ಮತ್ತೊಮ್ಮೆ. ಮರುದಿನ ಬೆಳಿಗ್ಗೆ ಮೀನು ಗುಳ್ಳೆಗಳನ್ನು ಬಿಟ್ಟು ಪೈಪಿನ ಹತ್ತಿರಕ್ಕೆ ಇಳಿದಿತ್ತು, ಪಾಚಿಯ ಹಾಳೆಯನ್ನು ಕಚ್ಚಿ ಎಳೆಯುತ್ತಿತ್ತು. ಒಂದು ಮೀನಿನಿಂದ ಏನೂ ಸಿದ್ಧವಾಗುವುದಿಲ್ಲ, ನಾನು ಅದನ್ನು ಪುರಾವೆಯೆಂದು ಮುಂದಿಡುತ್ತಲೂ ಇಲ್ಲ. ಆದರೆ ಆ ಪ್ರಶ್ನೆಯನ್ನು ಗಮನಿಸಿ: "ಡೋಸ್ ಏರಿಸಲಾ?" ಏದುಸಿರು, ಮೇಲ್ಮೈಯಲ್ಲಿ ತೂಗಾಡುವುದು, ಆಹಾರ ಬಿಡುವುದು, ರೆಕ್ಕೆ ಮುದುಡುವುದು, ಇವೆಲ್ಲ ವೆಲ್ವೆಟ್ ಎಂಬ ಇನ್ನೊಂದು ಪರಾವಲಂಬಿ ರೋಗದ ಲಕ್ಷಣಗಳು. ಇವೇ ಅಮೋನಿಯಾ ವಿಷದ ಲಕ್ಷಣಗಳೂ ಹೌದು. ತಾಮ್ರ ಹೆಚ್ಚಾದಾಗಲೂ ಮೀನು ಹೀಗೇ ಆಗುತ್ತದೆ. ಹೊರಗಿನಿಂದ ನೋಡಿ ಬೇರ್ಪಡಿಸಲು ಬರುವುದಿಲ್ಲ. ಅಮೋನಿಯಾ ಏರಿದಾಗ ಸಾಕುವವನಿಗೆ ಕಾಣುವುದು ರೋಗ, ಅವನು ಹಾಕುವುದು ಇನ್ನಷ್ಟು ತಾಮ್ರ. ಅಯಾನಿಕ್ ತಾಮ್ರ ಕೆಲಸ ಮಾಡುವ ಪಟ್ಟಿ ಬಹಳ ಕಿರಿದು, ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಕೆಳಗಿದ್ದರೆ ಪರಾವಲಂಬಿ ಸಾಯುವುದಿಲ್ಲ, ಮೇಲೆ ಹೋದರೆ ಮೀನಿಗೇ ವಿಷ. ಮೊದಲೇ ಕಿವಿರು ಸುಟ್ಟುಕೊಂಡ ಮೀನಿನ ಮೇಲೆ ಇನ್ನೊಂದು ವಿಷವನ್ನು ಪ್ರೀತಿಯಿಂದಲೇ ಸುರಿಯುತ್ತೇವೆ.

ಕಾಯಿಲೆಯ ಮೀನು ಆರೋಗ್ಯವಂತ ಮೀನಿಗಿಂತ ಕೆಟ್ಟ ನೀರನ್ನು ಸಹಿಸಬಲ್ಲದು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಮ್ಮ ನಡವಳಿಕೆ ಅದನ್ನೇ ಹೇಳುತ್ತಿದೆ. ಸಮುದ್ರದ ಮೀನಿನ ದೇಹದ ಉಪ್ಪು ಸುತ್ತಲಿನ ನೀರಿಗಿಂತ ಕಡಿಮೆ. ಹೀಗಾಗಿ ಅದರ ಮೈಯಿಂದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚುವರಿ ಉಪ್ಪನ್ನು ಕಿವಿರಿನ ಮೂಲಕ ಹೊರಹಾಕಿ ಬದುಕುತ್ತದೆ. ಉಸಿರಾಟವೂ ಅಲ್ಲಿಂದಲೇ, ಅಮೋನಿಯಾ ವಿಸರ್ಜನೆಯೂ ಬಹುಪಾಲು ಅಲ್ಲಿಂದಲೇ. ವೆಲ್ವೆಟ್ ಮೊದಲು ಹಿಡಿಯುವುದು ಆ ಕಿವಿರನ್ನೇ. ಬಿಳಿ ಚುಕ್ಕೆಯ ಹುಳ ಚರ್ಮದಲ್ಲಿ ತೂತು ಮಾಡಿ ನೀರಿನ ಸೋರಿಕೆಯನ್ನು ಹೆಚ್ಚಿಸುತ್ತದೆ. ಹೊರಗಿನ ನೀರಿನಲ್ಲೇ ಅಮೋನಿಯಾ ತುಂಬಿದ್ದರೆ ಒಳಗಿನದು ಹೊರಬರಲು ಜಾಗವಿಲ್ಲದೆ ರಕ್ತದಲ್ಲೇ ಉಳಿಯುತ್ತದೆ. ಇಂಥ ಸ್ಥಿತಿಯ ಪ್ರಾಣಿಗೆ ಮನೆಯ ಅತ್ಯಂತ ಶುದ್ಧ ನೀರು ಸಲ್ಲಬೇಕು. ನಾವು ಕೊಡುತ್ತಿರುವುದು ಅತ್ಯಂತ ಕೊಳಕಾದದ್ದು.

ಈಗ ಆ ಮುಖ್ಯ ಆಕ್ಷೇಪ: ನೀರು ಬದಲಾಯಿಸಿದರೆ ಔಷಧಿ ಹೋಗುತ್ತದೆ. ಬರಿ ನೀರು ಸುರಿದರೆ ಹೋಗುತ್ತದೆ, ನಿಜ. ಹಾಕುವ ನೀರಿಗೆ ಅದೇ ಪ್ರಮಾಣದ ಔಷಧಿ ಬೆರೆಸಿದ್ದರೆ ಹೋಗುವುದೇನಿದೆ? ಹಿಂದಿನ ಸಂಜೆಯೇ ಬಕೆಟ್ಟಿನಲ್ಲಿ ಆರ್‌ಒ ನೀರಿಗೆ ಉಪ್ಪು ಬೆರೆಸಿ, ಸಣ್ಣ ಪಂಪು ಹಾಕಿ ತಿರುಗಲು ಬಿಟ್ಟು, ಲವಣಾಂಶವನ್ನೂ ಉಷ್ಣತೆಯನ್ನೂ ಹೊಂದಿಸಿ, ಆ ಬಕೆಟ್ಟಿನ ಲೀಟರುಗಳಿಗೆ ತಕ್ಕಷ್ಟು ತಾಮ್ರ ಹಾಕಿ ಅಳೆದರೆ ಆಯಿತು. ತೊಟ್ಟಿಯಲ್ಲಿ ತಾಮ್ರ ಹಾಗೇ ನಿಲ್ಲುತ್ತದೆ, ಅಮೋನಿಯಾ ಮಾತ್ರ ಇಳಿಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಆವಿಯಾಗಿ ಕಡಿಮೆಯಾದ ನೀರನ್ನು ತುಂಬುವಾಗ ಉಪ್ಪೂ ಬೇಡ, ತಾಮ್ರವೂ ಬೇಡ, ಬರಿ ಆರ್‌ಒ ನೀರು. ಆವಿಯಾಗುವುದು ನೀರೊಂದೇ, ಉಪ್ಪೂ ತಾಮ್ರವೂ ಹಿಂದೆ ಉಳಿಯುತ್ತವೆ. ಆರ್‌ಒ ಎಂದರೆ ಅಡುಗೆಮನೆಯ ಶುದ್ಧೀಕರಣ ಯಂತ್ರದ ನೀರಲ್ಲ ಎಂಬುದನ್ನೂ ಹೇಳಬೇಕು. ಅನೇಕ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ನಲ್ಲಿ ನೀರನ್ನು ಮತ್ತೆ ಬೆರೆಸುವ ವ್ಯವಸ್ಥೆಯಿರುತ್ತದೆ, ಟಿಡಿಎಸ್ ಮೀಟರ್ ಅದ್ದಿದರೆ ತಿಳಿಯುತ್ತದೆ.

ಆದರೆ ನೀರು ಬದಲಾಯಿಸುವುದೊಂದೇ ಸಾಲದೆಂದು ಮೇಲಿನ ಲೆಕ್ಕವೇ ತೋರಿಸಿತು. ಪಳಗಿದ ಸ್ಪಂಜ್ ಫಿಲ್ಟರ್ ಬೇಕು. ದೊಡ್ಡ ತೊಟ್ಟಿಯ ಸಂಪಿನಲ್ಲಿ ಸದಾ ಒಂದು ಸ್ಪಂಜು ಬಿದ್ದಿರಲಿ, ಬ್ಯಾಕ್ಟೀರಿಯಾ ಅದರಲ್ಲಿ ತಾನೇ ನೆಲೆಸುತ್ತದೆ. ದೊಡ್ಡ ತೊಟ್ಟಿಗೇ ರೋಗ ತಗುಲಿದ್ದರೆ ಆ ಸ್ಪಂಜಿನಲ್ಲಿ ಕೋಶಗಳೂ ಬರಬಹುದು. ತಾಮ್ರದ ಚಿಕಿತ್ಸೆಯಲ್ಲಿ ಅದು ದೊಡ್ಡ ತೊಡಕಲ್ಲ, ಒಡೆದು ಬರುವ ಮರಿಗಳು ತಾಮ್ರಕ್ಕೆ ಸಿಗುತ್ತವೆ. ಹೊಸ ಮೀನಿಗೆಂದು ಕಟ್ಟುವ ಕ್ವಾರಂಟೈನಿಗೆ ಮಾತ್ರ ಬೇರೆ ಬಕೆಟ್ಟಿನಲ್ಲಿ, ಅಮೋನಿಯಂ ಕ್ಲೋರೈಡ್ ಹನಿಸಿ ಬೆಳೆಸಿದ ಸ್ಪಂಜೇ ವಾಸಿ. ಕೆಲವು ಆಂಟಿಬಯೋಟಿಕ್‌ಗಳು ಈ ಬ್ಯಾಕ್ಟೀರಿಯಾವನ್ನೂ ಹೊಡೆಯುತ್ತವೆ. ಅವನ್ನು ಬಳಸುವಾಗ ಸ್ಪಂಜಿದೆ ಎಂಬ ಧೈರ್ಯದಲ್ಲಿ ಅಳೆಯುವುದನ್ನು ನಿಲ್ಲಿಸುವ ಹಾಗಿಲ್ಲ.

ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣದ ಬಾಟಲಿಗಳು ಸಿಗುತ್ತವಲ್ಲ, ಒಂದು ಮುಚ್ಚಳ ಹಾಕಿದರೆ ಮುಗಿಯಿತಲ್ಲ ಎಂಬ ಮಾತಿಗೂ ಉತ್ತರ ಬೇಕು. ಆ ದ್ರಾವಣಗಳಲ್ಲಿ ಹಲವು ಅಪಕರ್ಷಕಗಳು. ಕೆಲವು ಬಗೆಯ ತಾಮ್ರದ ಔಷಧಿಯ ಜೊತೆ ಸೇರಿದರೆ ತಾಮ್ರವನ್ನು ಇನ್ನಷ್ಟು ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ. ತಯಾರಕರೇ ಎರಡನ್ನೂ ಒಟ್ಟಿಗೆ ಬಳಸಬೇಡಿ ಎನ್ನುತ್ತಾರೆ. ಬಾಟಲಿಯ ಹಿಂದಿನ ಆ ಸಣ್ಣಕ್ಷರವನ್ನು ಓದುವವರು ಕಡಿಮೆ, ಓದಿ ಹೇಳುವ ಅಂಗಡಿಯವರು ಇನ್ನೂ ಕಡಿಮೆ.

ನೈಟ್ರೈಟ್ ಬಗ್ಗೆ ಇರುವ ಭಯ ಮಾತ್ರ ಸಮುದ್ರದ ತೊಟ್ಟಿಯಲ್ಲಿ ಅನಗತ್ಯ. ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನೊಳಗೆ ನುಗ್ಗದಂತೆ ತಡೆಯುತ್ತದೆ. ಸಿಹಿನೀರಿನ ಪುಸ್ತಕದಿಂದ ಎತ್ತಿಕೊಂಡ ಭಯ ಅದು. ನೈಟ್ರೈಟ್ ಅಳೆಯುವ ಹೊತ್ತನ್ನು ಅಮೋನಿಯಾಕ್ಕೂ ಆಮ್ಲಜನಕಕ್ಕೂ ಕೊಡುವುದು ಮೇಲು.

ಆಮ್ಲಜನಕದ ಮಾತು ಬೆಂಗಳೂರಿಗರಿಗೆ ವಿಶೇಷವಾಗಿ ಸಲ್ಲುತ್ತದೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, ಸಮುದ್ರದ ನೀರು 6.7 ಮಾತ್ರ. ಅದೂ ಕಡಲಮಟ್ಟದಲ್ಲಿ. ನಮ್ಮ ಊರು ಕಡಲಿನಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ, ಕರಗುವ ಆಮ್ಲಜನಕವೂ ಅಷ್ಟೇ ಕಡಿಮೆ. ಮಂಗಳೂರಿನ ಮನೆಯಲ್ಲಿ ಸಾಕಾಗುವ ಏರ್ ಪಂಪು ಇಲ್ಲಿ ಸಾಕಾಗದೇ ಹೋಗಬಹುದು. ಇದರ ಮೇಲೆ ಫಾರ್ಮಾಲಿನ್ ಹಾಕುವವರಿದ್ದಾರೆ. ನೀರಿಗೆ ಹಾಕಿದ ಪ್ರತಿ 5 ಪಿಪಿಎಂ ಫಾರ್ಮಾಲಿನ್ ಸುಮಾರು 1 ಪಿಪಿಎಂ ಆಮ್ಲಜನಕವನ್ನು ಕಬಳಿಸುತ್ತದೆ. ಕಿವಿರು ಹಾಳಾದ ಮೀನು, ತೆಳುವಾದ ಗಾಳಿ, ಆಮ್ಲಜನಕ ನುಂಗುವ ಔಷಧಿ, ನಡುರಾತ್ರಿ ಹೋದ ಕರೆಂಟು. ಬೆಳಿಗ್ಗೆ ತಳದಲ್ಲಿ ಮಲಗಿದ ಮೀನನ್ನು ನೋಡಿ "ರೋಗ ಮುಂದುವರಿದಿತ್ತು" ಎನ್ನುತ್ತೇವೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪು ಆ ತೊಟ್ಟಿಯ ಪಕ್ಕದಲ್ಲಿ ಇರಲೇಬೇಕಾದ ವಸ್ತು.

ಇನ್ನು ಕ್ವಾರಂಟೈನೇ ಬೇಡ ಎನ್ನುವವರು. ಅವರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪುತ್ತೇನೆ. ಬಿಳಿ ಚುಕ್ಕೆಯಿಂದ ಚೇತರಿಸಿಕೊಂಡ ಮೀನಿಗೆ ಆ ಪರಾವಲಂಬಿಯ ವಿರುದ್ಧ ಸ್ವಲ್ಪ ಕಾಲ ರೋಗನಿರೋಧಕ ಶಕ್ತಿ ಬರುತ್ತದೆ, ಪ್ರಯೋಗಗಳಲ್ಲಿ ಅದು ಕಂಡಿದೆ. ಕೆಟ್ಟ ಕ್ವಾರಂಟೈನಿಗಿಂತ ಒಳ್ಳೆಯ ದೊಡ್ಡ ತೊಟ್ಟಿ ವಾಸಿ ಎಂಬುದೂ ಸರಿ. ಆದರೆ ವೆಲ್ವೆಟ್ ತರುವ ಅಮಿಲೂಡಿನಿಯಂ ಹಾಗೆ ಕಾಯುವುದಿಲ್ಲ, ತೊಟ್ಟಿಯ ಮೀನುಗಳನ್ನೆಲ್ಲ ಕೆಲವೇ ದಿನಗಳಲ್ಲಿ ಮುಗಿಸಬಲ್ಲದು. ಹವಳ, ಸಿಗಡಿ, ಬಸವನಹುಳುಗಳಿರುವ ತೊಟ್ಟಿಗೆ ಆಗ ತಾಮ್ರ ಹಾಕಲೂ ಬರುವುದಿಲ್ಲ, ಅವೆಲ್ಲ ಸಾಯುತ್ತವೆ. ಬೇರೆ ತೊಟ್ಟಿ ಬೇಕೇ ಬೇಕು. ಕೆಟ್ಟ ಕ್ವಾರಂಟೈನ್ ಇದೆಯೆಂದರೆ ಸರಿಪಡಿಸಬೇಕಾದದ್ದು ಅದರ ನೀರನ್ನು.

ನೀರಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇಸ್ರೇಲಿನ ಏಲಾತ್‌ನಲ್ಲಿ ಆಂಜೆಲೊ ಕೊಲೊರ್ನಿ 1980ರ ದಶಕದಲ್ಲಿ ಮಾಡಿದ ಕೆಲಸವನ್ನು ನೋಡಬೇಕು. ಕಡಲ ಮೀನು ಸಾಕಣೆಯಲ್ಲಿ ಬಿಳಿ ಚುಕ್ಕೆಯ ಜೀವನಚಕ್ರವನ್ನು ಹಿಡಿದು ನೋಡಿದ ಅವರು, ಔಷಧಿಯ ಒಂದು ಹನಿಯೂ ಇಲ್ಲದ ದಾರಿಯನ್ನು ತೋರಿಸಿದರು. ಮೀನನ್ನು ಮೂರು ಮೂರು ದಿನಕ್ಕೊಮ್ಮೆ ಒಣಗಿದ, ಶುಚಿಯಾದ ತೊಟ್ಟಿಗೆ, ಹೊಸ ನೀರಿಗೆ ದಾಟಿಸುವುದು, ಹೀಗೆ ನಾಲ್ಕು ಸಲ. ಉದುರಿದ ಕೋಶಗಳು ಹಳೆಯ ತೊಟ್ಟಿಯಲ್ಲಿ ಉಳಿಯುತ್ತವೆ, ಅವು ಒಡೆಯುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಹನ್ನೆರಡು ದಿನಕ್ಕೆ ಚಕ್ರ ಕಡಿಯುತ್ತದೆ. ತಾಮ್ರವಿಲ್ಲದ್ದರಿಂದ ಇಲ್ಲಿ ಅಮೋನಿಯಾ ಕಟ್ಟುವ ದ್ರಾವಣವನ್ನೂ ಧೈರ್ಯವಾಗಿ ಬಳಸಬಹುದು. ವೆಲ್ವೆಟ್ಟಿಗೆ ಈ ಉಪಾಯ ಒಂದೇ ಸಾಲದು, ಅದರ ಗತಿ ಬೇರೆ. ಆದರೂ ನಮ್ಮಲ್ಲಿ ಅತಿ ಹೆಚ್ಚು ತಾಮ್ರ ಖರ್ಚಾಗುವ ರೋಗವನ್ನೇ ಬರಿ ನೀರು ಬದಲಾಯಿಸಿ ಗೆಲ್ಲಬಹುದು ಎಂಬುದು ಇಷ್ಟು ವರ್ಷಗಳಿಂದ ತಿಳಿದಿರುವಾಗ, ನೀರು ಮುಟ್ಟಬೇಡಿ ಎಂಬ ಉಪದೇಶ ಇನ್ನೂ ಜೀವಂತವಾಗಿರುವುದು ನನಗೆ ಸಂಕಟ ತರುತ್ತದೆ.

ಸಂಕಟಕ್ಕೆ ಇನ್ನೊಂದು ಕಾರಣವಿದೆ. ಮಂಡಪಂ, ವಿಳಿಂಜಂಗಳ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳಲ್ಲಿ ಕ್ಲೌನ್ ಮೀನಿನ ಮರಿ ಮಾಡಿಸುವ ವಿದ್ಯೆ ಸಿದ್ಧಿಸಿದೆ, ಅದು ಸಂತೋಷದ ಸಂಗತಿ. ಆದರೆ ಅಂಗಡಿಗಳಿಗೆ ಬರುವ ಸಮುದ್ರದ ಮೀನಿನ ಜಾತಿಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತಂದವು. ಕ್ವಾರಂಟೈನಿನಲ್ಲಿ ಸತ್ತ ಪ್ರತಿ ಮೀನಿನ ಜಾಗಕ್ಕೆ ಇನ್ನೊಂದನ್ನು ಅಲ್ಲಿಂದಲೇ ಹಿಡಿಯಲಾಗುತ್ತದೆ.

ಅದಕ್ಕಾಗಿ ತಾಮ್ರ ಮಾರುವವರಲ್ಲಿ ನನ್ನ ಒತ್ತಾಯವಿದು. ಬಾಟಲಿಯ ಪಕ್ಕದಲ್ಲೇ ಅಮೋನಿಯಾ ಕಿಟ್ ಇಡಿ. ಸ್ಪಂಜು ಪಳಗಿದೆಯೇ ಎಂದು ಕೇಳದೆ ಬಾಟಲಿ ಕೈಗೆ ಕೊಡಬೇಡಿ. ಇಲ್ಲವೆಂದವರಿಗೆ ಅವರ ತೊಟ್ಟಿಯ ಲೀಟರು ಕೇಳಿ, ದಿನಕ್ಕೆ ಎಷ್ಟು ನೀರು ಬದಲಾಯಿಸಬೇಕು, ಆ ಬಕೆಟ್ಟಿಗೆ ಎಷ್ಟು ಹನಿ ತಾಮ್ರ ಬೆರೆಸಬೇಕು ಎಂಬುದನ್ನು ಬಿಲ್ಲಿನ ಹಿಂದೆಯೇ ಬರೆದುಕೊಡಿ.